ಖಾಯಂ ಆಯ್ತೇನ್ರಿ?

ಅಣಶಿಯಲ್ಲಿ ವಸ್ತಿ ಹಾಕುವ ಬಸ್ಸಿನ ಕಂಡಕ್ಟರನಿಗೆ ಗಡಿಯಾರದ ಹಂಗಿಲ್ಲ. ಮಳೆಗಾಲದಲ್ಲಿ ಟಾಪಿನ ಮೇಲೆ ಬಡಿಯುವ ಮಳೆ ಕಣ್ಣು ಮುಚ್ಚಗೊಡುವುದಿಲ್ಲ. ಉಳಿದ ದಿನಗಳಲ್ಲಿ ಬೆಳಕು ಹರಿಯುತ್ತಲೇ ಮಂಗಟ್ಟೆ ಹಕ್ಕಿಗಳು ತಲೆ ಮೇಲಿಂದ ಹಾದು ಎಬ್ಬಿಸುತ್ತವೆ. ಅವುಗಳ ರೆಕ್ಕೆಯ ಸದ್ದು ಹಳೇ ಕಲ್ಲಿದ್ದಲ ರೈಲು ಏರು ಹತ್ತಿದ ಹಾಗೆ. ನಾನು 1983ರಲ್ಲಿ ಬದಲಿ ಕಂಡಕ್ಟರನಾಗಿ ಸೇರಿ 2018ರಲ್ಲಿ ನಿವೃತ್ತನಾದವ. ಆ 35 ವರ್ಷಗಳಲ್ಲಿ ಬಹುಪಾಲನ್ನು ದಾಂಡೇಲಿ, ಗಣೇಶಗುಡಿ, ಜೋಯಿಡಾ, ಕುಂಬಾರವಾಡ, ಅಣಶಿ, ಅಲ್ಲಿಂದ ಘಟ್ಟ ಇಳಿದು ಕದ್ರಾ, ಕಾರವಾರ ಎಂಬ ಒಂದೇ ಹಾದಿಯಲ್ಲಿ ಕಳೆದೆ. ಉಂಬಳ ಹತ್ತಿದ ಕಾಲಿಗೆ ಸುಣ್ಣ ಹಚ್ಚಿಕೊಳ್ಳುತ್ತಲೇ ಟಿಕೆಟ್ ಹರಿದೆ.

ಒಂದು ಊರು ಯಾರ ಅನ್ನ ಉಣ್ಣುತ್ತಿದೆ ಎಂದು ತಿಳಿಯಬೇಕಾದರೆ ನಗರಸಭೆಯ ದಫ್ತರ ತೆಗೆಸಬೇಕಿಲ್ಲ. ಬೆಳಗಿನ ಮೊದಲ ಬಸ್ಸು ಹತ್ತಿ, ಕೂತವರ ತೊಡೆಯ ಮೇಲೆ ಏನಿದೆ ಎಂದು ನೋಡಿದರೆ ಸಾಕು. ನಾನು ಸೇರಿದ ಕಾಲಕ್ಕೆ ಅಲ್ಲಿ ಇರುತ್ತಿದ್ದದ್ದು ಮೂರು ಅಂತಸ್ತಿನ ಊಟದ ಡಬ್ಬಿ. ಸೀಟಿನ ಕೆಳಗೆ ಗೋಣಿಚೀಲದಲ್ಲಿ ಸುತ್ತಿದ ಕೊಯ್ತಾ, ಅದು ಬಿದಿರು ಕಡಿಯುವವರದು. ನಿವೃತ್ತಿಯ ಹೊತ್ತಿಗೆ ಡಬ್ಬಿಗಳ ಜಾಗದಲ್ಲಿ ಬೆನ್ನುಚೀಲಗಳು ಬಂದಿದ್ದವು. ಅವುಗಳೊಳಗೆ ಕ್ಯಾಮೆರಾ, ದುರ್ಬೀನು, ಒದ್ದೆಯಾದ ಟೀ ಶರ್ಟು. ದಾಂಡೇಲಿಯ ಇತಿಹಾಸವನ್ನು ಬರೆಯಲು ನನ್ನ ಹತ್ತಿರ ಇರುವ ದಾಖಲೆ ಇಷ್ಟೇ. ಆದರೆ ಸುಳ್ಳು ದಾಖಲೆಯಲ್ಲ.

ಊರಿನ ಹೆಸರಿನಿಂದಲೇ ಶುರು ಮಾಡೋಣ. ಕಾಳಿ ನದಿಯ ದಂಡೆಯಲ್ಲಿ ದಾಂಡೇಲಪ್ಪನ ಗುಡಿ ಇದೆ. ಈತ ಮಿರಾಶಿ ಜಮೀನ್ದಾರರ ಮನೆಯ ಆಳು, ಧಣಿಗಳ ಮೇಲಿನ ನಿಷ್ಠೆಗಾಗಿ ಜೀವ ತೆತ್ತವ ಎಂದು ನಮ್ಮ ಕಡೆ ಹೇಳುತ್ತಾರೆ. ರಾಜರ ಹೆಸರಿನ ಊರುಗಳಿವೆ, ದೇವರ ಹೆಸರಿನವೂ ಇವೆ. ದುಡಿಯುವ ಆಳೇ ದೇವರಾಗಿ ಊರಿಗೆ ಹೆಸರು ಕೊಟ್ಟದ್ದು ಅಪರೂಪ. ಮುಂದೆ ಆ ಊರಿಗೆ ಬಂದವರೆಲ್ಲ ಹೆಚ್ಚುಕಡಿಮೆ ಅವನ ದಾರಿಯವರೇ, ಕೆಲಸ ಹುಡುಕಿ ಬಂದವರು. ಬದಲಾಗುತ್ತ ಹೋದದ್ದು ಧಣಿ.

ಮೊದಲ ಧಣಿ ಮರ. ದಾಂಡೇಲಿಯ ಸಾಗವಾನಿಗೆ ಬ್ರಿಟಿಷರ ಕಾಲದಿಂದಲೂ ಹೆಸರು. ಆ ಮರ ಸಾಗಿಸಲೆಂದೇ ಅಳ್ನಾವರದಿಂದ ಇಲ್ಲಿಗೆ ರೈಲು ಹಳಿ ಬಂತು. ಪ್ರಯಾಣಿಕರು ಅದರಲ್ಲಿ ಕೂತರು ನಿಜ, ಆದರೆ ರೈಲು ಬಂದದ್ದು ದಿಮ್ಮಿಗಾಗಿ. ಆಮೇಲೆ 1940ರ ದಶಕದಲ್ಲಿ ಪ್ಲೈವುಡ್ ಕಾರ್ಖಾನೆ, ಮುಂದೆ ಜೋಯಿಡಾ ಕಡೆಯ ಮ್ಯಾಂಗನೀಸ್ ಅದಿರನ್ನು ನಂಬಿದ ಫೆರ್ರೊ ಮ್ಯಾಂಗನೀಸ್ ಕುಲುಮೆ. ಕಾಡು, ಅದಿರು, ನೀರು ಮೂರೂ ಒಂದೇ ಕಡೆ ಸಿಗುವ ಜಾಗ ದೇಶದಲ್ಲಿ ಎಷ್ಟಿವೆ? ಹಾಗಾಗಿ 1955ರಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಸ್ಥಾಪನೆಯಾದಾಗ ದಾಂಡೇಲಿಯನ್ನೇ ಆರಿಸಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಕಾಗದ ಹೊರಬರಲು ಶುರುವಾದದ್ದು 1959ರಲ್ಲಿ.

ನಮ್ಮಪ್ಪ ಹಳಿಯಾಳ ಕಡೆಯ ಹಳ್ಳಿಯಿಂದ ಬುತ್ತಿ ಕಟ್ಟಿಕೊಂಡು ಬಂದದ್ದು ಆ ಹೊತ್ತಿಗೇ. ಕಟ್ಟಡದ ಕೂಲಿಗೆ ಬಂದವ ಬಿದಿರಿನ ಯಾರ್ಡಿನಲ್ಲಿ ಉಳಿದುಕೊಂಡ. ಅವನ ಸಾಲಿನಲ್ಲಿ ಕೊಂಕಣಿ, ಮರಾಠಿ, ಉರ್ದು, ತೆಲುಗು, ಮಲಯಾಳ ಎಲ್ಲ ಇದ್ದವು. ಮೇಲಿನ ಸಾಹೇಬರದು ಹಿಂದಿ. ದಾಂಡೇಲಿಯನ್ನು ಜನ ಮಿನಿ ಇಂಡಿಯಾ ಎನ್ನುವುದು ಇದಕ್ಕೇ. ಬಾಜಾರಿನಲ್ಲಿ ತರಕಾರಿ ಚೌಕಾಸಿಗೆ ಕನಿಷ್ಠ ಮೂರು ಭಾಷೆ ಬೇಕಿತ್ತು. ನನಗೆ ಕಂಡಕ್ಟರಿಕೆಯಲ್ಲಿ ಅದೇ ಬಂಡವಾಳವಾಯಿತು.

ಅಪ್ಪನಿಂದ ನಾನು ಮೊದಲು ಕಲಿತ ದೊಡ್ಡವರ ಮಾತು ‘ಖಾಯಂ’. ಸಂಜೆ ಕಟ್ಟೆಯ ಮೇಲೆ ಯಾರು ಸಿಕ್ಕರೂ ಒಂದೇ ಪ್ರಶ್ನೆ: ‘ಖಾಯಂ ಆಯ್ತೇನ್ರಿ?’ ಆಗಿದ್ದರೆ ಪೇಢೆ, ಆಗದಿದ್ದರೆ ‘ಆಕ್ಕೈತಿ ತಗೋರಿ’ ಎಂಬ ಸಮಾಧಾನ. ಖಾಯಂ ಆದವನ ಹಿಂದೆ ಕ್ವಾರ್ಟರ್ಸು, ಮಕ್ಕಳಿಗೆ ಬಂಗೂರನಗರದ ಶಾಲೆ, ಕಿರಾಣಿ ಅಂಗಡಿಯಲ್ಲಿ ತಿಂಗಳ ಉದ್ರಿ, ಕೊನೆಗೆ ಹೆಣ್ಣು ಎಲ್ಲವೂ ಸಾಲಾಗಿ ಬರುತ್ತಿದ್ದವು. ನಮ್ಮವ್ವ ಅಡಿಗೆಗೆ ಇಡುತ್ತಿದ್ದದ್ದು ಮಿಲ್ಲಿನ ಭೋಂಗಾ ಕೇಳಿ. ಬೆಳಿಗ್ಗೆ ಆರು, ಮಧ್ಯಾಹ್ನ ಎರಡು, ರಾತ್ರಿ ಹತ್ತು: ಮೂರು ಪಾಳಿ, ಮೂರು ಸಲ ಊರು ತಿರುಗಿ ನಿಲ್ಲುತ್ತಿತ್ತು. ಪಾಳಿ ಬಿಟ್ಟಾಗ ರಸ್ತೆ ತುಂಬ ಸೈಕಲ್ಲು. ಆ ಹೊತ್ತಿಗೆ ನಮ್ಮ ಡ್ರೈವರ್ ಬಸ್ಸನ್ನು ಬದಿಗೆ ನಿಲ್ಲಿಸಿ ಬೀಡಿ ಹಚ್ಚಿಬಿಡುತ್ತಿದ್ದ. ಹಾರ್ನ್ ಹೊಡೆದು ಉಪಯೋಗವಿರಲಿಲ್ಲ.

ಕಾಗದ ಮಾಡುವ ಕೆಲಸ ಕೇಳಲು ಸುಲಭ. ಬಿದಿರನ್ನು ಚೂರು ಮಾಡಿ ದೊಡ್ಡ ಕಬ್ಬಿಣದ ಹಂಡೆಗಳಲ್ಲಿ ಕಾಸ್ಟಿಕ್ ಮತ್ತು ಗಂಧಕದ ಲವಣಗಳ ಜೊತೆ ಬೇಯಿಸುತ್ತಾರೆ. ನಾರನ್ನು ಹಿಡಿದಿಟ್ಟಿರುವ ಅಂಟು ಕರಗಿ ಕಪ್ಪು ದ್ರವವಾಗುತ್ತದೆ, ನಾರು ಬೇರೆಯಾಗುತ್ತದೆ. ನಾರನ್ನು ತೊಳೆದು ಬಿಳಿ ಮಾಡಿ ಜಾಲರಿಯ ಮೇಲೆ ಹರಡಿದರೆ ಕಾಗದ. ಕಪ್ಪು ದ್ರವವನ್ನು ಕಾಯಿಸಿ ಗಟ್ಟಿ ಮಾಡಿ ಸುಟ್ಟರೆ ಶಾಖವೂ ಸಿಗುತ್ತದೆ, ರಾಸಾಯನಿಕವೂ ವಾಪಸ್ ಬರುತ್ತದೆ. ಈ ಬೇಯಿಸುವ ಹೊತ್ತಿಗೆ ಏಳುವ ಗಂಧಕದ ವಾಸನೆ ಇದೆಯಲ್ಲ, ಅದಂತೂ ನನಗೆ ಅರ್ಧ ಕೆಲಸ ಉಳಿಸುತ್ತಿತ್ತು. ರಾತ್ರಿ ಬಸ್ಸಿನಲ್ಲಿ ಬಾಯಿ ತೆರೆದು ಮಲಗಿದವರೆಲ್ಲ ಮೌಳಂಗಿ ದಾಟುತ್ತಲೇ ತಾವಾಗಿ ಎದ್ದು ಚಪ್ಪಲಿ ಹುಡುಕುತ್ತಿದ್ದರು. ‘ದಾಂಡೇಲಿ, ದಾಂಡೇಲಿ’ ಎಂದು ನಾನು ಕೂಗಬೇಕಾಗುತ್ತಿರಲಿಲ್ಲ.

ಆ ಹಂಡೆಗಳಿಗೆ ಬಿದಿರು ಬರುತ್ತಿದ್ದದ್ದು ನಮ್ಮ ಬಸ್ಸಿನ ಎರಡೂ ಬದಿಯ ಕಾಡಿನಿಂದ. ಮೊದಮೊದಲು ಅದು ಮುಗಿಯದ ಸಂಪತ್ತು ಎಂದೇ ಲೆಕ್ಕ ಹಾಕಿದ್ದರು. 1970ರ ದಶಕದಲ್ಲಿ ವಿಜ್ಞಾನಿ ಮಾಧವ ಗಾಡ್ಗೀಳ್ ಮತ್ತು ಅವರ ಸಂಗಡಿಗರು ಉತ್ತರ ಕನ್ನಡದ ಬಿದಿರನ್ನು ಅಧ್ಯಯನ ಮಾಡಿದಾಗ ಆ ಲೆಕ್ಕ ತಪ್ಪು ಎಂದು ಕಂಡಿತು. ಅವರು ಎತ್ತಿ ತೋರಿಸಿದ ಒಂದು ಸಂಗತಿಯನ್ನು ಇಲ್ಲಿಯ ಗೌಳಿಗಳೂ ಕುಣಬಿಗಳೂ ಮೊದಲೇ ಬಲ್ಲವರಾಗಿದ್ದರು. ಬಿದಿರು ಮೆಳೆಯ ಬುಡದಲ್ಲಿ ಮುಳ್ಳು ಹೆಣೆದುಕೊಂಡಿರುತ್ತದೆ. ಮೆಳೆ ಸಡಿಲವಾದರೆ ಚೆನ್ನಾಗಿ ಬೆಳೆಯುತ್ತದೆಂದು ಆ ಮುಳ್ಳನ್ನು ಕಡಿದು ಸ್ವಚ್ಛ ಮಾಡಿಸುತ್ತಿದ್ದರು. ಆದರೆ ಮಳೆಗಾಲದಲ್ಲಿ ಚಿಗುರುವ ಕಳಲೆಗೆ ಆ ಮುಳ್ಳೇ ಬೇಲಿ. ಬೇಲಿ ಹೋದ ಮೇಲೆ ದನ, ಮುಳ್ಳುಹಂದಿ, ಮುಸುವ ಎಲ್ಲಕ್ಕೂ ಕಳಲೆ ಸಲೀಸಾಗಿ ಸಿಕ್ಕಿತು. ಮುಂದಿನ ವರ್ಷದ ಬಿದಿರು ಹಿಂದಿನ ವರ್ಷವೇ ಹೊಟ್ಟೆ ಸೇರಿತು. ಓದಿದವರು ಬಂದು ಅಳೆದು ಹೇಳುವ ತನಕ ಹಳ್ಳಿಯವರ ಮಾತಿಗೆ ಬೆಲೆ ಇರಲಿಲ್ಲ. ಈಗ ಮಿಲ್ಲಿನ ಕಚ್ಚಾವಸ್ತುವಿನ ಸ್ವರೂಪವೇ ಬೇರೆ. ಸುಬಾಬುಲ್, ಗಾಳಿಮರ, ಅಕೇಶಿಯಾ, ನೀಲಗಿರಿ ಇವನ್ನೆಲ್ಲ ರೈತರು ಹೊಲದಲ್ಲಿ ಬೆಳೆಯುತ್ತಾರೆ, ಲಾರಿಗಳು ದೂರದೂರದಿಂದ ಹೊತ್ತು ತರುತ್ತವೆ. ಕೊಯ್ತಾ ಹಿಡಿದ ಪ್ರಯಾಣಿಕರು ನನ್ನ ಬಸ್ಸಿನಿಂದ ಮಾಯವಾದದ್ದು ಹೀಗೆ. ಯಾವ ದಿನ ಕೊನೆಯವ ಇಳಿದನೋ ಗೊತ್ತಾಗಲಿಲ್ಲ.

ಎರಡನೇ ಧಣಿ ನೀರು. ಡಿಗ್ಗಿ ಹತ್ತಿರ ಹುಟ್ಟಿ ಸುಮಾರು 184 ಕಿಲೋಮೀಟರ್ ಹರಿದು ಕಾರವಾರದಲ್ಲಿ ಸಮುದ್ರ ಸೇರುವ ಕಾಳಿಯ ಮೇಲೆ ಕರ್ನಾಟಕ ವಿದ್ಯುತ್ ನಿಗಮ ಸಾಲಾಗಿ ಅಣೆಕಟ್ಟು ಕಟ್ಟಿತು. ಎಲ್ಲಕ್ಕೂ ತಲೆಯಲ್ಲಿರುವುದು ಗಣೇಶಗುಡಿಯ ಬಳಿಯ ಸೂಪಾ, 101 ಮೀಟರ್ ಎತ್ತರ. 1987ರಲ್ಲಿ ಅದು ಪೂರ್ಣಗೊಂಡಿತು. ನಾನು ಕೆಲಸಕ್ಕೆ ಸೇರಿದ ಕಾಲಕ್ಕೆ ಸಿಮೆಂಟು ಮೆತ್ತಿದ ಬೂಟಿನವರೇ ನಮ್ಮ ಮುಖ್ಯ ಗಿರಾಕಿಗಳು. ಅಣೆಕಟ್ಟು ಮುಗಿದ ಮೇಲೆ ಅವರು ಕೆಳಗಿನ ಕದ್ರಾಕ್ಕೆ, ಕೊಡಸಳ್ಳಿಗೆ, ಕೈಗಾ ಅಣು ವಿದ್ಯುತ್ ಸ್ಥಾವರದ ಕಟ್ಟಡಕ್ಕೆ ಹೋದರು. 2000ದಲ್ಲಿ ಕೈಗಾದ ಮೊದಲ ಎರಡು ಘಟಕಗಳು ವಾಣಿಜ್ಯ ಉತ್ಪಾದನೆಗೆ ಬಂದ ಮೇಲೆ ಕಟ್ಟುವವರ ಗದ್ದಲ ತಗ್ಗಿತು. ವಿದ್ಯುತ್ತಿನ ಗುಣವೇ ಅದು. ಕಟ್ಟುವಾಗ ಸಾವಿರಾರು ಕೈ ಬೇಕು, ಕಟ್ಟಿದ ಮೇಲೆ ಕೆಲವೇ ಕೈ ಸಾಕು.

ಸೂಪಾ ಎಂಬುದು ಅಣೆಕಟ್ಟಿನ ಹೆಸರಾಗುವ ಮೊದಲು ಒಂದು ಪೇಟೆಯ ಹೆಸರು. ತಾಲ್ಲೂಕು ಕಚೇರಿ, ಬಾಜಾರು, ಗುಡಿ ಎಲ್ಲ ಇದ್ದ ಊರು. ಅದು ನೀರಿನಡಿ ಹೋಯಿತು, ಕಚೇರಿ ಜೋಯಿಡಾಕ್ಕೆ ಬಂತು, ಅನೇಕ ಕುಟುಂಬಗಳು ರಾಮನಗರಕ್ಕೆ ಹೋದವು. ಆದರೆ ನಾಲಿಗೆಯ ಮೇಲಿನ ಊರು ಮುಳುಗಲು ಹೊತ್ತು ಬೇಕು. ವರ್ಷಗಟ್ಟಲೆ ಮುದುಕರು ನನ್ನ ಮುಂದೆ ಚಿಲ್ಲರೆ ಚಾಚಿ ‘ಸೂಪಾಕ್ಕ ಒಂದು’ ಎನ್ನುತ್ತಿದ್ದರು. ನಾನು ಜೋಯಿಡಾದ ಟಿಕೆಟ್ ಪಂಚ್ ಮಾಡಿ ಕೊಡುತ್ತಿದ್ದೆ. ಅವರೂ ಏನೂ ಅನ್ನುತ್ತಿರಲಿಲ್ಲ, ನಾನೂ ಅನ್ನುತ್ತಿರಲಿಲ್ಲ. ಒಬ್ಬ ಅಜ್ಜ ಮಾತ್ರ ಒಂದು ದಿನ ಟಿಕೆಟನ್ನು ಕಣ್ಣ ಹತ್ತಿರ ಹಿಡಿದು ನೋಡಿ, ‘ಸೂಪಾದ ದರ ಕಡಿಮಿ ಇತ್ತಲ್ಲೋ ತಮ್ಮಾ’ ಎಂದ. ನಿಜ, ಕಡಿಮೆ ಇತ್ತು.

ಈ ನಡುವೆ ದಾಂಡೇಲಿಯ ಹಳೇ ಧಣಿಗಳು ಒಬ್ಬೊಬ್ಬರಾಗಿ ಎದ್ದರು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಗೋದಾವರ್ಮನ್ ಪ್ರಕರಣದಲ್ಲಿ ದೇಶದ ಕಾಡುಮರ ಕಡಿತಕ್ಕೆ ಕಡಿವಾಣ ಹಾಕಿತು. ಕಾಡಿಗೆ ಅದು ಬೇಕಿತ್ತು. ಮರ ನಂಬಿದ ಊರುಗಳಿಗೆ ಮಾತ್ರ ಬುಡವೇ ಅಲುಗಿತು. ಪ್ಲೈವುಡ್ ಕಾರ್ಖಾನೆ ಬಾಗಿಲು ಹಾಕಿತು, ಫೆರ್ರೊ ಕುಲುಮೆ ಆರಿತು. ಅಳ್ನಾವರದ ಪ್ರಯಾಣಿಕರ ರೈಲೂ 1990ರ ದಶಕದಲ್ಲೇ ನಿಂತುಹೋಗಿತ್ತು. ಅದು ಮತ್ತೆ ಬಂದದ್ದು 2019ರ ನವೆಂಬರಿನಲ್ಲಿ, ಅಂಬೇವಾಡಿ ನಿಲ್ದಾಣದವರೆಗೆ. ಕೆಲವೇ ತಿಂಗಳಲ್ಲಿ ಕೋವಿಡ್ ಬಂದು ಅದನ್ನೂ ನಿಲ್ಲಿಸಿತು. 2001ರ ಗಣತಿಯಲ್ಲಿ 53 ಸಾವಿರ ದಾಟಿದ್ದ ದಾಂಡೇಲಿಯ ಜನಸಂಖ್ಯೆ 2011ರ ಹೊತ್ತಿಗೆ ಬೆಳೆಯುವುದಿರಲಿ, ಸುಮಾರು 52 ಸಾವಿರಕ್ಕೆ ಇಳಿಯಿತು. ಅಂಕಿ ಸಣ್ಣದು. ಆದರೆ ಬೆಂಗಳೂರು, ಹುಬ್ಬಳ್ಳಿ, ಗೋವಾಕ್ಕೆ ಟ್ರಂಕು ಹೊತ್ತು ಹೊರಟ ಹುಡುಗರನ್ನು ಬಸ್ ಸ್ಟ್ಯಾಂಡಿನಲ್ಲಿ ಕಂಡ ನನಗೆ ಅದು ಸಣ್ಣದಾಗಿ ಕಾಣಲಿಲ್ಲ.

ಹಕ್ಕಿ ನೋಡಲು ಅಣಶಿಗೆ ಬಂದ ಇಂಗ್ಲೆಂಡಿನ ಮುದುಕರೊಬ್ಬರು ಒಮ್ಮೆ ನನ್ನ ಪಕ್ಕದ ಸೀಟಿನಲ್ಲಿ ಕೂತಿದ್ದರು. ನಿಮ್ಮೂರಲ್ಲಿ ಏನು ಮಾಡುತ್ತಾರೆ ಎಂದು ಕೇಳಿದರು, ನನ್ನ ಹರಕು ಇಂಗ್ಲಿಷಿನಲ್ಲಿ ಹೇಳಿದೆ. ಅವರ ಕಡೆಯ ವಿಟ್ನಿ ಎಂಬ ಸಂತೆಯೂರಿನದೂ ಇಂಥದೇ ಕಥೆಯಂತೆ. ಅಲ್ಲಿಯದು ಕಂಬಳಿ. ಒಂದೇ ಮನೆತನದ ಹೆಸರಿನಲ್ಲಿ ಮುನ್ನೂರು ವರ್ಷಕ್ಕೂ ಮೇಲೆ ನೇಯ್ದು 2002ರಲ್ಲಿ ಮಗ್ಗ ನಿಲ್ಲಿಸಿದರಂತೆ. ಮುನ್ನೂರು ವರ್ಷದ ಖಾಯಮ್ಮೂ ಖಾಯಂ ಅಲ್ಲ ಎಂದಾಯಿತು. ಅಷ್ಟು ದೂರ ಹೋಗಬೇಕಿಲ್ಲ. ನಮ್ಮ ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. 1936ರಲ್ಲಿ ಹುಟ್ಟಿದ ಭದ್ರಾವತಿಯ ಕಾಗದ ಕಾರ್ಖಾನೆಯೂ ಕಳೆದ ದಶಕದಲ್ಲಿ ಉತ್ಪಾದನೆ ನಿಲ್ಲಿಸಿತು. ಆ ಲೆಕ್ಕದಲ್ಲಿ ದಾಂಡೇಲಿ ಪುಣ್ಯವಂತ ಊರು. ಇಲ್ಲಿಯ ಮಿಲ್ಲು ಇನ್ನೂ ನಡೆಯುತ್ತಿದೆ, ಬೆಳೆದಿದೆ. 2019ರಲ್ಲಿ ಗೋದಾವರಿ ದಂಡೆಯ ರಾಜಮಹೇಂದ್ರಿಯಲ್ಲಿರುವ ಆಂಧ್ರದ ಕಾಗದ ಕಂಪನಿಯನ್ನೂ ಕೊಂಡುಕೊಂಡಿತು. ಆದರೆ ದೇಶದ ಎಲ್ಲ ದೊಡ್ಡ ಕಾರ್ಖಾನೆಗಳಲ್ಲಿ ಆದಂತೆ ಯಂತ್ರ ದೊಡ್ಡದಾದಷ್ಟೂ ಒಂದು ಟನ್ನಿಗೆ ಬೇಕಾಗುವ ಜನ ಕಡಿಮೆ. ಅಪ್ಪನ ಕಾಲದಲ್ಲಿ ಹೆಗಲ ಮೇಲೆ ಹೊತ್ತದ್ದನ್ನು ಈಗ ಕ್ರೇನು ಎತ್ತುತ್ತದೆ. ಸೈಕಲ್ಲುಗಳ ನೆರೆ ಈಗ ಬೈಕುಗಳ ಹಳ್ಳ.

ಮೂರನೇ ಧಣಿ ಯಾರು? ಅದೇ ಕಾಡು, ಈ ಸಲ ಕಡಿಯಲಿಕ್ಕಲ್ಲ, ನೋಡಲಿಕ್ಕೆ. ದಾಂಡೇಲಿ ವನ್ಯಧಾಮವೆಂದು ಘೋಷಣೆಯಾದದ್ದು 1956ರಲ್ಲಿ, ಮಿಲ್ಲು ಸ್ಥಾಪನೆಯಾದ ಮರುವರ್ಷ. ಒಂದು ಕೈ ಬಿದಿರು ಕೊಟ್ಟಿತು, ಇನ್ನೊಂದು ಕೈ ಬೇಲಿ ಹಾಕಿತು. 1987ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನವಾಯಿತು. 2007ರಲ್ಲಿ ಎರಡನ್ನೂ ಸೇರಿಸಿ ಹುಲಿ ಸಂರಕ್ಷಿತ ಪ್ರದೇಶ ಮಾಡಿದರು. 2015ರಲ್ಲಿ ಅದಕ್ಕೆ ಕಾಳಿ ಎಂದೇ ಹೆಸರಿಟ್ಟರು. ಆಮೇಲೆ ಹೋಂ ಸ್ಟೇ, ರೆಸಾರ್ಟು, ಜೀಪು ಸಫಾರಿ. ಶನಿವಾರ ರವಿವಾರ ದಾಂಡೇಲಿಯ ರಸ್ತೆಯಲ್ಲಿ ಬೆಂಗಳೂರು, ಪುಣೆ, ಹೈದರಾಬಾದಿನ ಕಾರುಗಳು. 2018ರಲ್ಲಿ ಊರು ತಾಲ್ಲೂಕು ಕೇಂದ್ರವೂ ಆಯಿತು.

ಅಣಶಿಯ ಕಡೆ ಇದರ ಇನ್ನೊಂದು ಮುಖವಿದೆ. ಹುಲಿ ಕಾಡಿನ ನಡುವಿನ ಹಳ್ಳಿಗಳಿಂದ ಸ್ವಇಚ್ಛೆಯಿಂದ ಹೊರಬರುವ ಕುಟುಂಬಕ್ಕೆ 10 ಲಕ್ಷ ರೂಪಾಯಿ ಎಂದು 2008ರಲ್ಲಿ ನಿಯಮವಾಯಿತು, 2021ರಲ್ಲಿ ಅದು 15 ಲಕ್ಷವಾಯಿತು. ಕೆಲವರು ಹೋದರು, ಕೆಲವರು ಒಲ್ಲೆ ಎಂದರು. ಬಸ್ಸಿಗೆ ಕೈ ಮಾಡುವವರಿಲ್ಲದ ಸ್ಟಾಪಿನಲ್ಲೂ ನಮ್ಮ ಡ್ರೈವರ್ ರೂಢಿಯಿಂದ ಬ್ರೇಕ್ ಒತ್ತುತ್ತಿದ್ದ. ನಾನು ‘ರೈಟ್’ ಎನ್ನಲು ಒಂದು ಗಳಿಗೆ ತಡ ಮಾಡುತ್ತಿದ್ದೆ.

ನನ್ನ ಮಗ ಈ ಮೂರನೇ ಧಣಿಯ ಆಳು. ಗಣೇಶಗುಡಿಯಲ್ಲಿ ರಾಫ್ಟಿಂಗ್ ಗೈಡು. ಆ ಕೆಲಸದ ಗುಟ್ಟು ಪ್ರವಾಸಿಗರಿಗೆ ಗೊತ್ತಿರುವುದಿಲ್ಲ. ಬಂಡೆಗಳ ನಡುವೆ ನೊರೆ ಉಕ್ಕಿಸಿ ಓಡುವ ಆ ನೀರು ಕಾಡಿನ ನದಿಯ ಮನಸ್ಸಿನಂತೆ ಬರುವುದಲ್ಲ, ಸೂಪಾ ಅಣೆಕಟ್ಟಿನ ಬುಡದ ವಿದ್ಯುದಾಗಾರದಿಂದ ಬರುತ್ತದೆ. 50 ಮೆಗಾವ್ಯಾಟಿನ ಎರಡು ಯಂತ್ರ ಅಲ್ಲಿವೆ. ರಾಜ್ಯಕ್ಕೆ ಕರೆಂಟು ಬೇಕಾದಾಗ ಅವು ತಿರುಗುತ್ತವೆ, ತಿರುಗಿಸಿದ ನೀರು ಹೊಳೆಗೆ ಬೀಳುತ್ತದೆ, ಆಗ ತೆಪ್ಪ ತೇಲುತ್ತದೆ. ಬೆಂಗಳೂರಿನಲ್ಲಿ ಫ್ಯಾನು ಹಾಕಿದವನೇ ಗಣೇಶಗುಡಿಯಲ್ಲಿ ಅಲೆ ಎಬ್ಬಿಸಿದ ಹಾಗೆ. ಬೆಳಿಗ್ಗೆ ಫೋನು ಬರುತ್ತದೆ: ‘ನೀರ ಬಿಟ್ಟಾರ, ಬಾ.’ ಬಿಡದಿದ್ದರೆ ಆ ದಿನದ ಕೂಲಿ ಇಲ್ಲ. ಮಳೆಗಾಲ ಹಿಡಿದರೆ ರಾಫ್ಟು ಬಂದ್. ಅಪ್ಪನನ್ನು ಎಬ್ಬಿಸುತ್ತಿದ್ದದ್ದು ಭೋಂಗಾ, ಮಗನನ್ನು ಎಬ್ಬಿಸುವುದು ಮೊಬೈಲು. ಭೋಂಗಾ ದಿನಾ ಕೂಗುತ್ತಿತ್ತು.

ಕೋವಿಡ್ ವರ್ಷದಲ್ಲಿ ಅವನು ಒಂದು ರೆಸಾರ್ಟಿನಲ್ಲಿದ್ದ. ಬಾಗಿಲು ಹಾಕಿದ ದಿನ ‘ಮತ್ತ ಕರೀತೀವಿ’ ಎಂದು ಕಳಿಸಿದವರು ಎರಡು ತಿಂಗಳ ಬಾಕಿ ಪಗಾರ ಇವತ್ತಿಗೂ ಕೊಟ್ಟಿಲ್ಲ. ಕೇಳಲು ಹೋದರೆ ಮ್ಯಾನೇಜರೇ ಬದಲಾಗಿದ್ದ. ಅಪ್ಪನ ಕಾಲದಲ್ಲಾದರೆ ಯೂನಿಯನ್ ಆಫೀಸಿನ ಬೆಂಚಿನ ಮೇಲೆ ಹೋಗಿ ಕೂತರೆ ಯಾರಾದರೂ ಒಬ್ಬರು ಕಾಗದ ಬರೆಯುತ್ತಿದ್ದರು. ಈಗ ಆ ಬೆಂಚು ಎಲ್ಲಿದೆ ಎಂದು ಮಗ ಕೇಳಿದ. ನನಗೂ ಹೇಳಲಾಗಲಿಲ್ಲ.

ಈ ಎಲ್ಲ ಧಣಿಗಳ ಲೆಕ್ಕದ ಹೊರಗೆ ಒಬ್ಬಳಿದ್ದಾಳೆ. ಅಣಶಿ ಕಡೆಯ ಕುಣಬಿ ಅಜ್ಜಿ. ನಾನು ಸೇರಿದಾಗ ನಡುವಯಸ್ಸಿನವಳು. ಚಳಿಗಾಲ ಬಂತೆಂದರೆ ಬುಟ್ಟಿ ತುಂಬ ಮುಡ್ಲಿ ಗಡ್ಡೆ, ಗೆಣಸು ಹೊತ್ತು ದಾಂಡೇಲಿ ಸಂತೆಗೆ ಹೊರಡುತ್ತಿದ್ದಳು. ಬುಟ್ಟಿಗೆ ಲಗೇಜ್ ಟಿಕೆಟ್ ಎಂದರೆ ಕೊಂಕಣಿಯಲ್ಲಿ ಬೈಯುತ್ತ ಒಂದು ಗೆಣಸು ನನ್ನ ಚೀಲದೊಳಗೆ ತುರುಕುತ್ತಿದ್ದಳು. ಟಿಕೆಟನ್ನೂ ತಗೊಳ್ಳುತ್ತಿದ್ದಳು, ಅದು ಬೇರೆ. ಅವಳನ್ನು ಯಾರೂ ಖಾಯಂ ಮಾಡಿರಲಿಲ್ಲವಾದ್ದರಿಂದ ಯಾರೂ ತೆಗೆದುಹಾಕಲೂ ಇಲ್ಲ. ಈಗ ಜೋಯಿಡಾದಲ್ಲಿ ಗಡ್ಡೆ ಗೆಣಸಿನ ಮೇಳವೇ ನಡೆಯುತ್ತದೆ, ದೊಡ್ಡ ಊರಿನವರು ಬಂದು ಒಂದೊಂದು ಗಡ್ಡೆಯ ಫೋಟೊ ಹೊಡೆಯುತ್ತಾರೆ. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅವಳಿಗೆ ಟಿಕೆಟ್ಟೂ ಸೊನ್ನೆ. ಮೊನ್ನೆ ಅದೇ ಬಸ್ಸಿನಲ್ಲಿ ನಾನು ದುಡ್ಡು ಕೊಟ್ಟು ಕೂತಿದ್ದೆ, ಅವಳು ಪುಕ್ಕಟೆ ಕೂತಿದ್ದಳು. ಹಳೇ ಲೆಕ್ಕ ಚುಕ್ತಾ ಆಯಿತೆಂದು ನಕ್ಕಳು.

ಕಳೆದ ವರ್ಷ ಮಗನಿಗೆ ಹೆಣ್ಣು ನೋಡಲು ಹೋದೆವು. ಹುಡುಗಿಯ ತಂದೆ ದಾಂಡೇಲಿಯಲ್ಲೇ ಈಗ ಮುಚ್ಚಿರುವ ಕಾರ್ಖಾನೆಯೊಂದರಲ್ಲಿ ದುಡಿದವರು. ಚಹಾ ಆಯಿತು, ಅವಲಕ್ಕಿ ಆಯಿತು. ಇನ್ನೇನು ಆ ಪ್ರಶ್ನೆ ಬರುತ್ತದೆ ಎಂದು ನಾನು ಒಳಗೊಳಗೇ ಉತ್ತರ ಜೋಡಿಸುತ್ತಿದ್ದೆ: ಸೀಜನ್ನಿನಲ್ಲಿ ಇಷ್ಟು, ಉಳಿದ ದಿನ ಅಷ್ಟು. ನನ್ನ ಮುಖ ನೋಡಿ ಅವರಿಗೆ ತಿಳಿಯಿತೋ ಏನೋ. ‘ನಾನೂ ಖಾಯಂ ಇದ್ದವನ ರೀ. ಅದನ್ನ ಕೇಳೂದು ಬಿಟ್ಟೇನಿ’ ಎಂದರು. ಆಮೇಲೆ ಹುಡುಗನ ಕಡೆ ತಿರುಗಿ, ಬಹಳ ಹೊತ್ತು ನೋಡಿ, ಕೇಳಿದರು:

‘ಈಜು ಬರ್ತದೇನಪಾ?’